‘ಬ್ಯಾಚ್’ ಎಂಬುದಕ್ಕೆ ‘ಒಬ್ಬೆ’ ಒಗ್ಗೀತೇ?

ಮಾನ್ಯರೇ,

ಸಹಕಾರಿ ಬ್ಯಾಂಕೊಂದರ ಮುದ್ರಣ ವಿಭಾಗದವರಿಗಾಗಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗ್ರಾಹಕರ ಖಾತೆ ವಿವರ, ಸಾಲದ ನೋಟಿಸು, ಬಡ್ಡಿಯ ಪ್ರಮಾಣಪತ್ರ ಇವನ್ನೆಲ್ಲ ಒಂದೊಂದಾಗಿ ಟೈಪು ಮಾಡುವ ಬದಲು, ರಾತ್ರಿ ಲೆಕ್ಕ ಮುಗಿದ ಮೇಲೆ ಎಲ್ಲರ ಮಾಹಿತಿಯನ್ನೂ ಒಂದೇ ಫೈಲಿನಲ್ಲಿ ಮುದ್ರಣದ ಸರ್ವರ್ ಕಂಪ್ಯೂಟರಿಗೆ ಕಳುಹಿಸುತ್ತಾರೆ. ಅಲ್ಲಿ ಮೊದಲೇ ಸಿದ್ಧವಿರುವ ನಮೂನೆಯಲ್ಲಿ ಹೆಸರು, ವಿಳಾಸ, ಮೊತ್ತಗಳು ತಾವಾಗಿಯೇ ಕೂತು, ಬೆಳಗಾಗುವಷ್ಟರಲ್ಲಿ ಸಾವಿರಾರು ಪತ್ರಗಳು ಸಿದ್ಧವಾಗಿರುತ್ತವೆ. ನನಗೆ ತೊಡಕಾಗಿರುವುದು ಈ ಕೈಪಿಡಿಯಲ್ಲಿ ಪುಟಪುಟಕ್ಕೂ ಎದುರಾಗುವ, ಹೀಗೆ ಒಂದು ಸಲಕ್ಕೆ ಒಟ್ಟಿಗೆ ಸಾಗುವ ಗುಂಪನ್ನು ಹೇಳುವ ‘ಬ್ಯಾಚ್’ ಎಂಬ ಪದ.

ಮೊದಲ ಕರಡಿನಲ್ಲಿ ಬ್ಯಾಚ್‌ಗೆ ‘ತಂಡ’ ಎಂದೂ ಫೈಲು ಕಳುಹಿಸುವುದಕ್ಕೆ ‘ವರ್ಗಾವಣೆ’ ಎಂದೂ ಬರೆದಿದ್ದೆ. ‘ತಂಡದ ವರ್ಗಾವಣೆ ವಿಫಲವಾದರೆ ಕೂಡಲೇ ಮೇಲಧಿಕಾರಿಯ ಗಮನಕ್ಕೆ ತನ್ನಿ’ ಎಂಬುದನ್ನು ಓದಿದ ಗುಮಾಸ್ತರೊಬ್ಬರು, ‘ಯಾರಿಗೆ, ಯಾವ ಶಾಖೆಗೆ ಆಗಿತ್ತು?’ ಎಂದು ಕೇಳಿದರು. ಬ್ಯಾಂಕಿನಲ್ಲಿ ನೌಕರರಿಗೂ ವರ್ಗಾವಣೆಯೇ, ಹಣಕ್ಕೂ ವರ್ಗಾವಣೆಯೇ; ಫೈಲಿಗೂ ಅದನ್ನೇ ಹೊರಿಸುವುದು ಬೇಡವೆಂದು ಅಂದೇ ‘ರವಾನೆ’ ಎಂದು ತಿದ್ದಿದೆ. ಫೈಲಿಗೆ ‘ಕಡತ’ ಎನ್ನಬಹುದಿತ್ತು. ಆದರೆ ಹುಣಸೆಬೀಜದ ಅಂಟು ಮತ್ತು ಇದ್ದಿಲನ್ನು ಬಳಿದು, ಬಳಪದಿಂದ ಬರೆದು ಮಡಿಸಿಡುತ್ತಿದ್ದ ಬಟ್ಟೆಯ ಪುಸ್ತಕದ ಆ ಒಳ್ಳೆಯ ಹೆಸರು ಈಗ ಕಚೇರಿಯ ಕಟ್ಟಿಗೆ ಅಂಟಿಕೊಂಡಿರುವುದರಿಂದ ‘ಫೈಲು’ ಎಂದೇ ಉಳಿಸಿಕೊಂಡೆ.

ಉಳಿದದ್ದು ಬ್ಯಾಚ್. ‘ಕಂತೆ’ ಎನ್ನೋಣವೆಂದರೆ ಅದು ಕಟ್ಟಿಟ್ಟ ವಸ್ತುವನ್ನು ಮಾತ್ರ ಹೇಳುತ್ತದೆ, ಸರದಿಯನ್ನು ಹೇಳುವುದಿಲ್ಲ. ಜೊತೆಗೆ ‘ಅಂತೆ ಕಂತೆ’ಯ ನೆರಳೂ ಇದೆ. ‘ಕಂತು’ ಸರದಿಯನ್ನು ಹೇಳುತ್ತದೆ, ಆದರೆ ಸಾಲಗಾರರಿಗೆ ಕಳುಹಿಸುವ ನೋಟಿಸಿನ ಕೈಪಿಡಿಯಲ್ಲಿ ಆ ಪದಕ್ಕೆ ಬೇರೆಯೇ ಕೆಲಸವಿದೆ. ಅರ್ಥದ ತಿರುಳನ್ನು ಹಿಡಿಯಲು ನನಗೆ ನೆರವಾದದ್ದು ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳುಹಿಸುವ ಎರಡು ವಿಧಾನಗಳಾದ ನೆಫ್ಟ್ ಮತ್ತು ಆರ್‌ಟಿಜಿಎಸ್‌ಗಳ ವ್ಯತ್ಯಾಸ. ಆರ್‌ಟಿಜಿಎಸ್‌ನಲ್ಲಿ ಪ್ರತಿಯೊಂದು ಪಾವತಿಯೂ ಬಂದಂತೆ ಬೇರೆಬೇರೆಯಾಗಿ ಇತ್ಯರ್ಥವಾಗುತ್ತದೆ. ನೆಫ್ಟ್‌ನಲ್ಲಿ ಬಂದ ಪಾವತಿಗಳು ಅರ್ಧ ಗಂಟೆಯವರೆಗೆ ಕೂಡಿಕೊಂಡು ಒಟ್ಟಿಗೆ ಇತ್ಯರ್ಥವಾಗುತ್ತವೆ. 2019ರ ಡಿಸೆಂಬರ್ 16ರಿಂದ ಅದು ಹಗಲಿರುಳೂ ನಡೆಯುವುದರಿಂದ ದಿನಕ್ಕೆ ಇಂಥ 48 ಸರದಿಗಳು. ಕೂಡಿಕೊಳ್ಳುವುದು, ಬಾಗಿಲು ಮುಚ್ಚುವುದು, ಒಟ್ಟಿಗೆ ಹೊರಬರುವುದು, ಈ ಮೂರೂ ಒಂದೇ ಪದದಲ್ಲಿ ಬರಬೇಕು.

ಆಗ ನೆನಪಾದದ್ದು ನಮ್ಮ ಅಡುಗೆಮನೆಯ ‘ಒಬ್ಬೆ’, ಎಂದರೆ ಒಂದು ಸಲಕ್ಕೆ ಒಟ್ಟಿಗೆ ಬೇಯುವಷ್ಟು. ಇಡ್ಲಿಯ ಎರಡನೆಯ ಒಬ್ಬೆ ಇಳಿದ ಮೇಲೆ ಗಂಡಸರು ತಿಂಡಿಗೆ ಕೂರುತ್ತಿದ್ದರು. ಮುಚ್ಚಳ ಹಾಕಿದ ಮೇಲೆ ತಡವಾಗಿ ಬಂದವರಿಗೆ ಮುಂದಿನ ಒಬ್ಬೆಯೇ ಗತಿ. ರಾತ್ರಿ ಫೈಲು ಮುಚ್ಚಿದ ಮೇಲೆ ವಿಳಾಸ ತಿದ್ದಿಸಿಕೊಂಡ ಗ್ರಾಹಕನ ಪಾಡೂ ಇದೇ ಅಲ್ಲವೇ? ‘ಒಬ್ಬೆ ಇಡು’, ‘ಒಬ್ಬೆ ಇಳಿಯಿತು’ ಎಂಬ ಕ್ರಿಯಾಪದಗಳೂ ಜೊತೆಗೇ ದೊರಕುತ್ತವೆ; ‘ಬ್ಯಾಚನ್ನು ಸಂಸ್ಕರಿಸಲಾಯಿತು’ ಎನ್ನುವುದಕ್ಕಿಂತ ನನಗೆ ಇದೇ ಹಿತ.

ಆದರೂ ಒಂದು ಅಡ್ಡಿಯಿದೆ. ಫೈಲಿನ ಕೊನೆಯ ಸಾಲಿನಲ್ಲಿ ಒಟ್ಟು ದಾಖಲೆಗಳ ಎಣಿಕೆ ಬರೆದಿರುತ್ತದೆ. ಸರ್ವರ್ ತಾನೂ ಎಣಿಸಿ ನೋಡಿ, ಒಂದೇ ಒಂದು ಕಡಿಮೆಯಿದ್ದರೂ ಇಡೀ ಫೈಲನ್ನು ತಿರಸ್ಕರಿಸುತ್ತದೆ. ಒಂದು ಇಡ್ಲಿ ಕೆಟ್ಟರೆ ಯಾರೂ ಒಬ್ಬೆಯನ್ನೇ ಚೆಲ್ಲುವುದಿಲ್ಲ. ಹಾಗಾಗಿ ‘ಒಬ್ಬೆಯನ್ನು ತಿರಸ್ಕರಿಸಲಾಗಿದೆ’ ಎಂಬ ವಾಕ್ಯ ನನ್ನ ಕಿವಿಗೇ ಇನ್ನೂ ಒಗ್ಗಿಲ್ಲ.

ಬಲ್ಲವರಲ್ಲಿ ನನ್ನ ಕೇಳಿಕೆ ಇಷ್ಟು: ಕಲಬುರಗಿ, ವಿಜಯಪುರ, ಬೀದರ್ ಕಡೆಯ ಮನೆಗಳಲ್ಲಿ ‘ಒಬ್ಬೆ’ ಬಳಕೆಯಲ್ಲಿದೆಯೇ, ಇಲ್ಲವಾದರೆ ಒಂದು ಸಲಕ್ಕೆ ಬೇಯುವಷ್ಟಕ್ಕೆ, ಕರಿಯುವಷ್ಟಕ್ಕೆ ಅಲ್ಲಿ ಏನೆನ್ನುತ್ತಾರೆ? ಅಡುಗೆಯ ಹೊರಗೆ, ಇಟ್ಟಿಗೆ ಗೂಡಿನಲ್ಲೋ ಆಲೆಮನೆಯಲ್ಲೋ ಬಣ್ಣದ ಕಡಾಯಿಯ ಬಳಿಯೋ ಈ ಅರ್ಥಕ್ಕೆ ಬೇರೆ ಪದವನ್ನು ಕೇಳಿದವರಿದ್ದರೆ, ಅದು ಬಂದ ವಾಕ್ಯವನ್ನು ಹೇಳಿದ ಹಾಗೆಯೇ ಬರೆದು ತಿಳಿಸಬೇಕಾಗಿ ಕೋರುತ್ತೇನೆ.