ವರ್ಷಾವರ್ಷ ತರಬೇತಿ ಆಗುತ್ತೆ, ಆದರೂ ಕೆಂಪು ಚೀಲದಲ್ಲಿ ಸೂಜಿ ಸಿಗುತ್ತೆ: ಏನು ಬದಲಿಸಬೇಕು?

ಅರವತ್ತು ಹಾಸಿಗೆ
ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕೇಂದ್ರದ 60 ಹಾಸಿಗೆಯ ಆಸ್ಪತ್ರೆ. ಜೈವಿಕ ವೈದ್ಯಕೀಯ ತ್ಯಾಜ್ಯದ ತರಬೇತಿಗೆ ಹಾಜರಿ ಸಹಿಯೂ ಇದೆ, ಫೋಟೊಗಳೂ ಇವೆ. ಆದರೆ ಚೀಲ ಎತ್ತುವಾಗ ಹೌಸ್‌ಕೀಪಿಂಗ್‌ನವರಿಗೆ ಸೂಜಿ ಚುಚ್ಚೋದು ನಿಂತಿಲ್ಲ. ತರಬೇತಿಯನ್ನ ಹೇಗೆ ಮಾಡಿದರೆ ಕೆಲಸಕ್ಕೆ ಬರುತ್ತೆ? ಚುಚ್ಚಿದ ಮೇಲಿನ ಕ್ರಮ ಮತ್ತು ಇಡಬೇಕಾದ ದಾಖಲೆಗಳ ಬಗ್ಗೆಯೂ ತಿಳಿಸಿ.

ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್
ಮೊದಲು ಸೂಜಿ ಎಲ್ಲಿಂದ ಬರ್ತಿದೆ ನೋಡಿ. ಚುಚ್ಚಿಸಿಕೊಳ್ಳೋದು ಆಯಾ, ಆದರೆ ತಪ್ಪು ನಡೆದಿರೋದು ಹಾಸಿಗೆ ಪಕ್ಕದಲ್ಲಿ. ಸೂಜಿ ಹಾಕೋ ಬಿಳಿ ಡಬ್ಬ ನರ್ಸಿಂಗ್ ಸ್ಟೇಷನ್ನಿನಲ್ಲಿ ಇದ್ದರೆ ಇಂಜೆಕ್ಷನ್ ಕೊಟ್ಟವರು ಸೂಜಿಗೆ ಮತ್ತೆ ಕ್ಯಾಪ್ ಹಾಕಿ ಟ್ರೇಯಲ್ಲಿ ಇಡ್ತಾರೆ, ಆಮೇಲೆ ಟ್ರೇಯಲ್ಲಿರೋದೆಲ್ಲ ಒಟ್ಟಿಗೆ ಪ್ಲಾಸ್ಟಿಕ್ ಹಾಕೋ ಕೆಂಪು ಚೀಲಕ್ಕೆ ಹೋಗುತ್ತೆ. ಇಂಜೆಕ್ಷನ್ ಟ್ರಾಲಿಯ ಮೇಲೇ ತೂತಾಗದ ಬಿಳಿ ಡಬ್ಬ ಇಡಿ. ಮುಕ್ಕಾಲು ತುಂಬಿದ ತಕ್ಷಣ ಬದಲಿಸಿ. ತುಂಬಿ ತುಳುಕೋ ಡಬ್ಬಕ್ಕೆ ಸೂಜಿ ಒತ್ತುವಾಗಲೂ ಕೈಗೆ ಚುಚ್ಚುತ್ತೆ.

ಸಭಾಂಗಣದಲ್ಲಿ ಎರಡು ಗಂಟೆ ಸ್ಲೈಡ್ ತೋರಿಸೋದು ಬಿಡಿ. ಶಿಫ್ಟ್ ಬದಲಾಗೋ ಹೊತ್ತಿಗೆ ವಾರ್ಡಿನಲ್ಲೇ 15 ನಿಮಿಷ ಸಾಕು. ಒಂದು ಟ್ರೇಯಲ್ಲಿ ಬಳಸದ ಸಾಮಾನನ್ನೇ ಇಡಿ: ಇನ್ಸುಲಿನ್ ಸಿರಿಂಜ್, ಕ್ಯಾನುಲಾದ ಸೂಜಿ, ಡ್ರಿಪ್ ಸೆಟ್, ಒಡೆದ ಆಂಪೂಲ್, ಗ್ಲೌಸ್, ರಕ್ತದ ಬದಲು ಬಣ್ಣ ಹಚ್ಚಿದ ಹತ್ತಿ, ಸಿರಿಂಜಿನ ಕವರ್. ಒಬ್ಬೊಬ್ಬರೂ ಕೈಯಾರೆ ಹಾಕಿ ತೋರಿಸಲಿ. ಹೆಚ್ಚಾಗಿ ಎಡವೋದು ಇನ್ಸುಲಿನ್ ಸಿರಿಂಜಿನಲ್ಲಿ. ಅದರ ಸೂಜಿ ಕಳಚಲ್ಲ, ಹಾಗಾಗಿ ಇಡೀ ಸಿರಿಂಜೇ ಬಿಳಿಗೆ. ಸೂಜಿ ಕತ್ತರಿಸಿದ ಮಾಮೂಲಿ ಸಿರಿಂಜ್, ಡ್ರಿಪ್ ಟ್ಯೂಬ್, ಗ್ಲೌಸ್ ಕೆಂಪಿಗೆ. ಆಂಪೂಲ್, ಗಾಜಿನ ವಯಲ್ ನೀಲಿಗೆ. ರಕ್ತ ಹತ್ತಿದ ಹತ್ತಿ, ಡ್ರೆಸಿಂಗ್ ಹಳದಿಗೆ. ಕವರ್ ಮಾಮೂಲಿ ಕಸಕ್ಕೆ. ಎಲ್ಲವನ್ನೂ ಹಳದಿಗೆ ಸುರಿದರೆ ಸೇಫ್ ಅಂತ ಕೆಲವರು ಅಂದ್ಕೊಂಡಿರ್ತಾರೆ. ಹಳದಿಯದು ಸುಡೋಕೆ ಹೋಗುತ್ತೆ, ಪ್ಲಾಸ್ಟಿಕ್ ಅದರಲ್ಲಿ ಹೋಗಲೇಬಾರದು.

ಕ್ಯಾಶುವಾಲಿಟಿ ಡ್ಯೂಟಿ
ಚುಚ್ಚಿದ ಮೇಲೆ: ಹರಿಯೋ ನೀರು, ಸೋಪು, ಅಷ್ಟೇ. ಹಿಂಡಬಾರದು, ಬಾಯಿಗೆ ಇಟ್ಟುಕೊಳ್ಳಬಾರದು, ಸ್ಪಿರಿಟ್ ಅಥವಾ ಬ್ಲೀಚ್ ಸುರಿಯಬಾರದು. ಕಣ್ಣಿಗೆ ರಕ್ತ ಸಿಡಿದರೆ ನೀರು ಅಥವಾ ಸಲೈನ್ ಮಾತ್ರ.

ಎಚ್‌ಐವಿ ತಡೆಯೋ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದ ಮೇಲೆ ಕೊಡಲ್ಲ. ಒಟ್ಟು 28 ದಿನ. ಹೆಚ್ಚಿನ ಕಡೆ ಎಡವಟ್ಟಾಗೋದು ಇಲ್ಲೇ: ರಾತ್ರಿ 2ಕ್ಕೆ ಚುಚ್ಚುತ್ತೆ, ಮಾತ್ರೆ ಇರೋ ಬೀರುವಿನ ಕೀಲಿ ಬೆಳಿಗ್ಗೆ 9ಕ್ಕೆ ಬರೋರ ಹತ್ತಿರ. ಮೊದಲ ಡೋಸ್ ಕ್ಯಾಶುವಾಲಿಟಿಯಲ್ಲೇ ಇರಲಿ. ಕೊಡಬೇಕೋ ಬೇಡವೋ ಅಂತ ಡ್ಯೂಟಿ ಡಾಕ್ಟರೇ ತೀರ್ಮಾನಿಸಲಿ. ರೋಗಿಯ ರಕ್ತದ ರಿಪೋರ್ಟಿಗೆ ಕಾಯಬೇಡಿ. ಅದು ನೆಗೆಟಿವ್ ಬಂದರೆ ಮಾತ್ರೆ ನಿಲ್ಲಿಸೋ ಬಗ್ಗೆ ಆಗ ನೋಡಬಹುದು. ರೋಗಿಗೆ ಹೇಳದೆ ಎಚ್‌ಐವಿ ಟೆಸ್ಟ್ ಮಾಡಿಸೋ ಹಾಗಿಲ್ಲ, 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ತಿಳಿಸಿ ಒಪ್ಪಿಗೆ ಪಡೆಯಬೇಕು.

ಎಲ್ಲರೂ ಎಚ್‌ಐವಿಗೆ ಹೆದರ್ತಾರೆ. ಸೂಜಿಯಿಂದ ಅದು ಹರಡೋ ಸಾಧ್ಯತೆ ಸುಮಾರು 0.3%, ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಹರಡೋದು 30%ವರೆಗೂ ಹೋಗಬಹುದು. ಲಸಿಕೆ 0, 1, 6 ತಿಂಗಳಿಗೆ. ಮೂರನೆಯ ಡೋಸ್ ಆಗಿ 1–2 ತಿಂಗಳಿಗೆ ಟೈಟರ್ (ರಕ್ತದಲ್ಲಿರೋ ಪ್ರತಿಕಾಯದ ಮಟ್ಟ) ನೋಡಿ, 10 mIU/mL ಅಥವಾ ಹೆಚ್ಚಿದ್ದರೆ ರಕ್ಷಣೆ ಇದೆ. ಲಸಿಕೆಯಾಗದವರಿಗೆ ಹೆಪಟೈಟಿಸ್ ಬಿ ಪಾಸಿಟಿವ್ ರೋಗಿಯ ಸೂಜಿ ಚುಚ್ಚಿದರೆ ಲಸಿಕೆಯ ಜೊತೆ ಇಮ್ಯುನೋಗ್ಲೋಬುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಕು, ಆದಷ್ಟೂ 24 ಗಂಟೆಯೊಳಗೆ.

ಸ್ಟೋರ್ ಕೀಪರ್
ಒಂದು ಸೇರಿಸ್ತೀನಿ. ಗೋಡೆ ಚಾರ್ಟಿನಲ್ಲಿ ಸೋಂಕು ತೆಗೆಯೋ ಬ್ಲೀಚ್ ದ್ರಾವಣಕ್ಕೆ ‘10% ಹೈಪೋಕ್ಲೋರೈಟ್’ ಅಂತಿದ್ದರೆ ಕಿತ್ತು ಹಾಕಿ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ಮೂಲ ನಿಯಮದಲ್ಲಿ ಹಾಗಿತ್ತು, ಆಮೇಲೆ ತಿದ್ದುಪಡಿಯಲ್ಲಿ 1ರಿಂದ 2% ಆಯಿತು. ಅಂಗಡಿಯಿಂದ ಬರೋದು 5% ಆದರೆ 200 ಮಿ.ಲೀ.ಗೆ 800 ಮಿ.ಲೀ. ನೀರು ಸೇರಿಸಿದರೆ 1%. 10% ಕ್ಯಾನ್ ಆದರೆ 100ಕ್ಕೆ 900. ಕ್ಯಾನ್ ಮೇಲಿನ ಅಂಕಿ ಓದದೆ ‘ಒಂದು ಮಗ್ಗು’ ಲೆಕ್ಕದಲ್ಲಿ ಬೆರೆಸೋದೇ ತೊಂದರೆ. ದಿನಾ ಹೊಸದಾಗಿ ಬೆರೆಸಿ, ಬಿಸಿಲಿಗೆ ಇಟ್ಟರೆ ಕ್ಲೋರಿನ್ ಹೋಗುತ್ತೆ. ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಬೆರೆತರೆ ವಿಷಗಾಳಿ ಬರುತ್ತೆ. ಇದನ್ನ ಆಯಾಗಳಿಗೆ ಬಾಯಿಬಿಟ್ಟು ಹೇಳಲೇಬೇಕು.

ಕ್ವಾಲಿಟಿ ಡೆಸ್ಕ್
ದಾಖಲೆಯ ವಿಷಯ. ಕೆಲಸಕ್ಕೆ ಸೇರಿದಾಗ ಒಮ್ಮೆ, ಆಮೇಲೆ ವರ್ಷಕ್ಕೆ ಒಮ್ಮೆಯಾದರೂ ತರಬೇತಿ ಕಡ್ಡಾಯ. ಆರೋಗ್ಯ ತಪಾಸಣೆಯೂ ಹಾಗೆಯೇ. ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ. ಗುತ್ತಿಗೆಯವರು ಏಜೆನ್ಸಿಯ ಜನ ಎಂದು ಬಿಡುವ ಹಾಗಿಲ್ಲ; ಮೂರು ತಿಂಗಳಿಗೊಮ್ಮೆ ಬದಲಾಗುವವರೂ ಅವರೇ, ಚೀಲ ಎತ್ತುವವರೂ ಅವರೇ. 30ಕ್ಕಿಂತ ಹೆಚ್ಚು ಹಾಸಿಗೆ ಇರುವುದರಿಂದ ನಿಮ್ಮಲ್ಲಿ ತ್ಯಾಜ್ಯ ಸಮಿತಿ ಇರಬೇಕು, ಆರು ತಿಂಗಳಿಗೊಮ್ಮೆ ಸೇರಬೇಕು. ವಾರ್ಷಿಕ ವರದಿ ನಮೂನೆ 4ರಲ್ಲಿ, ಜೂನ್ 30ರೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಸೂಜಿ ಚುಚ್ಚಿದ್ದು ನಿಯಮದ ವ್ಯಾಖ್ಯೆಯಲ್ಲಿ ‘ದೊಡ್ಡ ಅಪಘಾತ’ ಅಲ್ಲ, ಆದ್ದರಿಂದ 24 ಗಂಟೆಯ ವರದಿ ಬೇಕಿಲ್ಲ. ಆದರೆ ವಾರ್ಷಿಕ ವರದಿಯಲ್ಲಿ ತೋರಿಸಬೇಕು.

ಆ ಅಂಕಣದಲ್ಲಿ ಸೊನ್ನೆ ಬರೆದರೆ ಪರಿಶೀಲನೆಗೆ ಬಂದವರಿಗೆ ಅನುಮಾನವೇ ಹೆಚ್ಚು. ಅವರು ಫೈಲ್ ಮುಚ್ಚಿಟ್ಟು ನೇರ ಆಯಾಗಳನ್ನೇ ಕೇಳುತ್ತಾರೆ: ‘ಅಮ್ಮಾ, ಚುಚ್ಚಿದರೆ ಯಾರಿಗೆ ಹೇಳ್ತೀರಿ?’ ಚುಚ್ಚಿಸಿಕೊಂಡವರಿಗೇ ಮೆಮೊ ಕೊಡುವ ಕಡೆ ಯಾರೂ ಹೇಳುವುದಿಲ್ಲ.

ಅರವತ್ತು ಹಾಸಿಗೆ
ತುಂಬಾ ಉಪಕಾರವಾಯ್ತು. ನಮ್ಮಲ್ಲಿ ಸೂಜಿ ಸುಡೋ ಮಷಿನ್ ಇದೆ. ಸುಟ್ಟ ಮೇಲೆ ಸಿರಿಂಜ್ ಕೆಂಪಿಗೆ ಹಾಕಬಹುದಲ್ವಾ?

ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್
ಸೂಜಿ ಬುಡದವರೆಗೂ ಹೋಗಿದ್ದರೆ ಹಾಕಬಹುದು. ಎಷ್ಟೋ ಸಲ ಬುಡದಲ್ಲಿ ಮೊಂಡು ಚೂರು ಉಳಿಯುತ್ತೆ, ಅದೂ ಚುಚ್ಚುತ್ತೆ. ಹಬ್ ಕಟರ್ ಆದರೆ ಬುಡ ಸಮೇತ ಕತ್ತರಿಸುತ್ತೆ, ಕರೆಂಟೂ ಬೇಡ. ಮಷಿನ್ ಒಳಗೆ ಬಿದ್ದ ಸುಟ್ಟ ಚೂರುಗಳನ್ನ ಬಿಳಿ ಡಬ್ಬಕ್ಕೇ ಹಾಕಿ.