ಗುಂಪಿನಲ್ಲಿ ಕೆಟಮಿನ್ ಚಿಕಿತ್ಸೆ: ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಕೇಳುತ್ತಿರುವವಳು, ದಾವಣಗೆರೆ:
ನನ್ನ ತಂಗಿ ಸಿಯಾಟಲ್ ಹತ್ತಿರ ಇದ್ದಾಳೆ. ಹೆರಿಗೆಯಾದ ಮೇಲೆ ಶುರುವಾದ ಖಿನ್ನತೆ, ಮಗು ಶಾಲೆಗೆ ಹೋಗುವಷ್ಟಾದರೂ ಬಿಟ್ಟಿಲ್ಲ. ಎರಡು ಬೇರೆ ಬೇರೆ ಮಾತ್ರೆ ಪೂರ್ತಿ ಡೋಸ್‌ನಲ್ಲಿ ತೆಗೆದುಕೊಂಡು ನೋಡಿದ್ದಾಯಿತು. ಈಗ ಅವಳ ಥೆರಪಿಸ್ಟ್ ಕೆಟಮಿನ್ (ಅರಿವಳಿಕೆಗೆ ಕೊಡುವ ಔಷಧವಂತೆ) ಚಿಕಿತ್ಸೆ ಮಾಡಿಸಿಕೋ, ಅದೂ ಐದಾರು ಜನರ ಗುಂಪಿನಲ್ಲಿ, ಅಂದಿದ್ದಾರಂತೆ. ಒಬ್ಬಳೇ ಮಾಡಿಸಿಕೊಂಡರೆ ಖರ್ಚು ಬಹಳ. ನಾನು ಇಲ್ಲಿ ಕೂತು ಹುಡುಕಿದರೆ ಒಂದು ಕಡೆ ಪವಾಡ ಅಂತಾರೆ, ಇನ್ನೊಂದು ಕಡೆ ಪಾರ್ಟಿ ಡ್ರಗ್ ಅಂತಾರೆ. ಅವಳು ನಮ್ಮ ಮನೆಯಲ್ಲೇ ಯಾರ ಎದುರೂ ಅತ್ತವಳಲ್ಲ, ಗುರುತಿಲ್ಲದವರ ನಡುವೆ ಹೇಗೆ ಮಲಗುತ್ತಾಳೆ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ತುಮಕೂರಿನವಳು, ಈಗ ಪೋರ್ಟ್‌ಲ್ಯಾಂಡ್:
ಅಕ್ಕಾ, ನಾನು ಗುಂಪಿನಲ್ಲೇ ಮಾಡಿಸಿಕೊಂಡವಳು. ಅಪ್ಪ ಕೋವಿಡ್‌ನಲ್ಲಿ ಹೋದರು, ವಿಮಾನ ಇರಲಿಲ್ಲ, ಮುಖ ನೋಡಲಾಗಲಿಲ್ಲ. ಅಲ್ಲಿಂದ ಶುರುವಾದದ್ದು.

ಮೊದಲು ನಿಮ್ಮ ಭಯಕ್ಕೆ ಉತ್ತರ. ಔಷಧ ಏರಿರುವಾಗ ಯಾರೂ ಯಾರನ್ನೂ ನೋಡುವುದಿಲ್ಲ. ಎಲ್ಲರ ಕಣ್ಣಿಗೂ ಪಟ್ಟಿ, ಮೇಲೆ ಹೊದಿಕೆ, ಮಾತಿಲ್ಲದ ಸಂಗೀತ. ನಮಗೆ ತೋಳಿಗೆ ಇಂಜೆಕ್ಷನ್ ಕೊಟ್ಟರು, ಕೆಲವು ಕಡೆ ಬಾಯಲ್ಲಿ ಕರಗುವ ಗುಳಿಗೆ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಕೈಕಾಲು ನನ್ನದಲ್ಲ ಅನ್ನಿಸಿತು. ಸುಮಾರು ಒಂದು ಗಂಟೆ ಹಾಗೇ. ಯಾರೋ ಜೋರಾಗಿ ಅತ್ತರು, ನನಗೆ ಅದು ಪಕ್ಕದ ಊರಿನಿಂದ ಬಂದಂತೆ ಕೇಳಿಸಿತು. ಥೆರಪಿಸ್ಟ್ ಹೋಗಿ ಅವರ ಹತ್ತಿರ ಕೂತಿದ್ದರು ಅಂತ ಆಮೇಲೆ ತಿಳಿಯಿತು.

ಕಷ್ಟವೂ ಲಾಭವೂ ಇರುವುದು ಆ ಗಂಟೆಯ ಹಿಂದೆ ಮುಂದೆ. ಮೊದಲು ಒಬ್ಬೊಬ್ಬರನ್ನೇ ಕೂರಿಸಿ ಪೂರ್ತಿ ಆರೋಗ್ಯದ ಇತಿಹಾಸ ಕೇಳಿದರು, ಆಮೇಲೆ ಗುಂಪನ್ನು ಸೇರಿಸಿದರು. ಅಲ್ಲಿ ಹೇಳಿದ್ದು ಹೊರಗೆ ಹೋಗಬಾರದು ಅನ್ನುವ ಒಪ್ಪಂದ ಆಯಿತು. ಮುಟ್ಟುವ ವಿಷಯವಂತೂ ನಿಖರವಾಗಿ ಮಾತಾಡಿಕೊಂಡೆವು: ಅತ್ತರೆ ಕೈ ಹಿಡಿಯಬಹುದೇ, ಭುಜ ಮುಟ್ಟಬಹುದೇ, ಬೇಡವೇ. ಇದನ್ನೆಲ್ಲ ಔಷಧಕ್ಕೆ ಮೊದಲೇ ಕೇಳಿ ಬರೆದುಕೊಂಡರು. ಔಷಧ ಏರಿದ ಮೇಲೆ ಹೇಳಿದ ‘ಹೂಂ’ ಅನ್ನು ಒಪ್ಪಿಗೆ ಅಂತ ಎಣಿಸುವುದಿಲ್ಲ ಅಂದರು. ನಿಮ್ಮ ತಂಗಿ ಹೋಗುವ ಕಡೆ ಈ ಮಾತು ತಾವಾಗಿ ತೆಗೆಯದಿದ್ದರೆ ಅಲ್ಲಿಗೆ ಕಳಿಸಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಆಮೇಲಿನ ವಾರಗಳಲ್ಲಿ ಸುತ್ತ ಕೂತು ಮಾತಾಡುವುದು ಇರುತ್ತದೆ. ಬೇರೆಯವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ. ನನ್ನದು ಹೇಳಬಹುದು. ಅಪ್ಪನ ವಿಷಯ ತೆಗೆದಾಗ ‘ನಿನ್ನ ತಪ್ಪಲ್ಲ ಬಿಡು’ ಅಂತ ಒಬ್ಬರೂ ಅನ್ನಲಿಲ್ಲ, ಸುಮ್ಮನೆ ಕೇಳಿದರು. ಮನೆಯವರಿಂದ ಅದು ಸಿಕ್ಕಿರಲಿಲ್ಲ, ಅವರೂ ಅದೇ ದುಃಖದಲ್ಲಿದ್ದರಲ್ಲ. ಇನ್ನೊಂದು: ನಮ್ಮಂಥ ಹೆಂಗಸರು ಗುಂಪಿನಲ್ಲೂ ಬೇರೆಯವರ ಆರೈಕೆಗೆ ನಿಂತುಬಿಡುತ್ತೇವೆ. ನಾನು ಎಲ್ಲರಿಗೂ ಟಿಶ್ಯೂ ಕೊಡುತ್ತಾ ಕೂತಿದ್ದನ್ನು ಥೆರಪಿಸ್ಟ್ ಗಮನಿಸಿ, ‘ಈ ಹೊತ್ತು ನಿಮ್ಮದು’ ಅಂತ ನಿಲ್ಲಿಸಿದರು. ನಿಮ್ಮ ತಂಗಿಯೂ ಅಂಥವಳಾದರೆ ಮೊದಲೇ ಅವರ ಕಿವಿಗೆ ಹಾಕಿ.

ಅರಿವಳಿಕೆ ಡಾಕ್ಟರ್, ಹುಬ್ಬಳ್ಳಿ:
ಅಕ್ಕಾರ, ಈ ಔಷಧ ನಮಗ ಹೊಸದಲ್ಲರಿ. 1962ರಾಗ ತಯಾರಾತು, 1970ರಾಗ ಅಮೆರಿಕದಾಗ ಅರಿವಳಿಕೆಗಂತ ಪರವಾನಗಿ ಸಿಕ್ತು. ಸುಟ್ಟ ಗಾಯದ ಡ್ರೆಸ್ಸಿಂಗ್, ಮುರಿದ ಎಲುಬು ಕೂಡಿಸೂದು, ಇಂಥಾದಕ್ಕ ಇವತ್ತಿಗೂ ಕೊಡ್ತೀವಿ, ಯಾಕಂದ್ರ ಉಸಿರಾಟ ಸುಲಭಕ್ಕ ಕುಗ್ಗೂದಿಲ್ಲ. ಆದ್ರ ಬಿಪಿ ಏರತೈತಿ. ಅರಿವಳಿಕೆಗೆ ನರಕ್ಕ ಕೊಡೂದು ಕೆ.ಜಿ.ಗೆ 1ರಿಂದ 2 ಮಿಲಿಗ್ರಾಂ, ಖಿನ್ನತೆಯ ಸಂಶೋಧನೆಯೊಳಗ ಹೆಚ್ಚಾಗಿ ಬಳಸಿದ್ದು ಕೆ.ಜಿ.ಗೆ ಅರ್ಧ ಮಿಲಿಗ್ರಾಂ, 40 ನಿಮಿಷದ ಡ್ರಿಪ್.

ಬಿಪಿ ಹತೋಟಿಯೊಳಗ ಇಲ್ಲದವರಿಗೆ, ರಕ್ತನಾಳ ಬಲೂನಿನಂಗ ಉಬ್ಬಿದವರಿಗೆ (ಅನ್ಯೂರಿಸಂ), ಇಲ್ಲದ ದನಿ ಕೇಳೂ ಕಾಯಿಲೆ ಇದ್ದವರಿಗೆ, ಬಸುರಿಯರಿಗೆ ಇದು ಬೇಡ. ಮನೆತನದಾಗ ಯಾರಿಗಾದ್ರೂ ಬೈಪೋಲಾರ್ (ಮನಸ್ಸು ಅತಿ ಏರಿ ಅತಿ ಇಳಿಯೂ ಕಾಯಿಲೆ) ಇದ್ರ ಮುಚ್ಚಿಡಬ್ಯಾಡ್ರಿ, ಹೇಳ್ರಿ. ನಮ್ಮ ಕಡೆ ‘ಸೋದರಮಾವಗ ಸ್ವಲ್ಪ ತಲಿ ಸರಿ ಇರಲಿಲ್ಲ’ ಅಂತ ಪಿಸುಗುಟ್ಟಿ ಬಿಟ್ಟಬಿಡ್ತಾರ. ಅದನ್ನ ಆ ಡಾಕ್ಟರಿಗೆ ಹೇಳಲೇಬೇಕು. ನಿದ್ದಿಗಂತ ಕ್ಲೊನಾಜಿಪಾಮ್ ಥರದ್ದು ತಗೋತಿದ್ರ ಅದನ್ನೂ ಹೇಳ್ರಿ, ಇದರ ಪರಿಣಾಮ ತಗ್ಗಿಸಬಹುದು. ತಾನಾಗಿ ನಿಲ್ಲಿಸೂದು ಮಾತ್ರ ಬ್ಯಾಡ.

ಗುಂಪು ಅಂದಾಗ ನಾ ಕೇಳೂ ಪ್ರಶ್ನೆ ಒಂದೇ: ಐದಾರು ಮಂದಿ ಒಟ್ಟಿಗೆ ಮಲಗಿರ್ತಾರ, ಎಷ್ಟು ಜೋಡಿ ಕಣ್ಣು ಅವರ ಮ್ಯಾಲ? ಥೆರಪಿಸ್ಟ್ ಮನಸ್ಸು ನೋಡಿಕೊಳ್ತಾರ, ಚೊಲೋ. ಯಾರಿಗಾದ್ರೂ ವಾಂತಿ ಬಂದು ಉಸಿರಿನ ದಾರಿಗೆ ಅಡ್ಡಾದ್ರ ನೋಡೂ ಡಾಕ್ಟರೋ ನರ್ಸೋ ಅದೇ ಕೋಣೆಯೊಳಗ ಇರಬೇಕು. ಬಿಪಿ, ಆಕ್ಸಿಜನ್ ಪ್ರಮಾಣ ಪ್ರತಿಯೊಬ್ಬರದೂ ನೋಡಬೇಕು.

ಮನಿಗೆ ಗುಳಿಗೆ ಕಳಸ್ತೀವಿ, ನೀವ ತಗೊಳ್ರಿ ಅಂದ್ರ ಬ್ಯಾಡ ಅನ್ರಿ. 2023ರ ಅಕ್ಟೋಬರ್‌ನಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆನ ಎಚ್ಚರಿಕೆ ಕೊಟ್ಟೈತಿ. ಅದೇ ತಿಂಗಳ ಅಮೆರಿಕದ ನಟ ಮ್ಯಾಥ್ಯೂ ಪೆರ್ರಿ ಕೆಟಮಿನ್‌ನಿಂದ ತೀರಿಕೊಂಡ್ರು. ಅವರು ಚಿಕಿತ್ಸೆನೂ ತಗೋತಿದ್ರು, ಆದ್ರ ಸಾಯೂ ಹೊತ್ತಿಗೆ ಮೈಯೊಳಗ ಇದ್ದ ಕೆಟಮಿನ್ ಆ ಚಿಕಿತ್ಸೆಯದ್ದಲ್ಲ ಅಂತ ಶವಪರೀಕ್ಷೆ ವರದಿ ಹೇಳ್ತು.

ನ್ಯೂಜೆರ್ಸಿಯಿಂದ:
ಗುಂಪಿಗೆ ಸೇರುವ ಮೊದಲು ಇನ್ನೊಂದು ದಾರಿ ವಿಚಾರಿಸಿ. ನನ್ನ ಹೆಂಡತಿಗೆ ಕೊಟ್ಟದ್ದು ಎಸ್‌ಕೆಟಮಿನ್, ಕೆಟಮಿನ್‌ನದೇ ಒಂದು ರೂಪ, ಮೂಗಿಗೆ ಸ್ಪ್ರೇ, ಸ್ಪ್ರವಾಟೊ ಅಂತ ಹೆಸರು. ಎರಡು ಮಾತ್ರೆ ಕೆಲಸ ಮಾಡದ ಖಿನ್ನತೆಗೆ 2019ರಲ್ಲೇ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ನಿಮ್ಮ ತಂಗಿಯ ಸ್ಥಿತಿ ಅದೇ ಅನ್ನಿಸುತ್ತದೆ. ಸಾಮಾನ್ಯ ಕೆಟಮಿನ್‌ಗೆ ಖಿನ್ನತೆಗಂತ ಆ ಒಪ್ಪಿಗೆ ಇಲ್ಲ. ಡಾಕ್ಟರ್ ತಮ್ಮ ವಿವೇಚನೆಯಿಂದ ಬರೆಯುತ್ತಾರೆ, ಹಾಗಾಗಿ ವಿಮೆ ಹೆಚ್ಚಾಗಿ ಕೊಡುವುದಿಲ್ಲ. ಸ್ಪ್ರೇಗೆ ನಮ್ಮ ವಿಮೆ ಕೊಟ್ಟಿತು, ಮೊದಲೇ ಅನುಮತಿ ಪಡೆಯಬೇಕಾಯಿತು ಅಷ್ಟೆ.

ಮೊದಲ ನಾಲ್ಕು ವಾರ ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ. ಪ್ರತಿ ಸಲವೂ ಕನಿಷ್ಠ ಎರಡು ಗಂಟೆ ಅಲ್ಲೇ ಕೂರಿಸುತ್ತಾರೆ. ರಾತ್ರಿ ನಿದ್ದೆ ಮಾಡಿ ಮರುದಿನದವರೆಗೆ ಕಾರು ಓಡಿಸುವಂತಿಲ್ಲ. ನಾನು ಎಫ್‌ಎಂಎಲ್‌ಎ ರಜೆಯನ್ನು (ಮನೆಯವರ ಕಾಯಿಲೆಗೆ ಅಂತ ಅಮೆರಿಕದ ಕಾನೂನು ಕೊಡುವ ರಜೆ) ಗಂಟೆಗಳ ಲೆಕ್ಕದಲ್ಲಿ ತುಂಡು ತುಂಡಾಗಿ ತೆಗೆದುಕೊಂಡೆ, ಹಾಗೆ ಮಾಡಬಹುದು ಅಂತ ನಮ್ಮವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಚಿಕಿತ್ಸೆಯ ಸಂಜೆ ಮಗುವಿನ ಜೊತೆ ನಿಮ್ಮ ತಂಗಿಯೊಬ್ಬಳೇ ಇರಬಾರದು. ಅವಳ ಗಂಡ ಕೆಲಸಕ್ಕೆ ಹೋಗುವುದಾದರೆ ಯಾರಾದರೂ ಗೆಳತಿಗೆ ಈಗಲೇ ಹೇಳಿಡಿ.

ಡಾಲಸ್‌ನಿಂದ:
ನನಗೆ ಇದು ಕೆಲಸ ಮಾಡಲಿಲ್ಲ. ಅದನ್ನೂ ಯಾರಾದರೂ ಬರೆಯಬೇಕು.

ನಾನೂ ಗುಂಪಿಗೆ ಹೋದವನೇ. ಮೊದಲ ಸಲ ಎರಡು ಮೂರು ದಿನ ಮನಸ್ಸು ಹಗುರವಾಯಿತು, ಆಮೇಲೆ ಮತ್ತೆ ಅದೇ. ಸುತ್ತ ಕೂತಾಗ ಒಬ್ಬರು ಬೆಳಕು ಕಂಡೆ ಅಂದರು, ಒಬ್ಬರು ತೀರಿಕೊಂಡ ಅಜ್ಜಿಯನ್ನು ಕಂಡೆ ಅಂದರು. ನನಗೆ ಕಂಡದ್ದು ಏನೂ ಇಲ್ಲ, ಹೊಟ್ಟೆ ತೊಳಸಿತು. ಇಲ್ಲೂ ನಾನೇ ಸೋತೆನಲ್ಲ ಅನ್ನುವ ಯೋಚನೆ ಬಂತು, ಖಿನ್ನತೆ ಇದ್ದವರಿಗೆ ಆ ಯೋಚನೆ ಅಪಾಯ. ಏನೂ ಕಾಣದಿರುವುದೂ ಸಹಜ, ಕಾಣುವುದಕ್ಕೂ ವಾಸಿಯಾಗುವುದಕ್ಕೂ ನೇರ ಲೆಕ್ಕವಿಲ್ಲ ಅಂತ ಗುಂಪು ನಡೆಸುವವರು ಮೊದಲೇ ಹೇಳಬೇಕು. ನಮಗೆ ಹೇಳಲಿಲ್ಲ.

ಆಮೇಲೆ ಓದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಶಸ್ತ್ರಚಿಕಿತ್ಸೆಗೆ ಬಂದ, ಖಿನ್ನತೆಯಿದ್ದ 40 ಜನರನ್ನು ಎರಡು ಪಾಲು ಮಾಡಿ, ಅರಿವಳಿಕೆಯಲ್ಲಿ ಇರುವಾಗಲೇ ಒಂದು ಪಾಲಿಗೆ ಕೆಟಮಿನ್, ಇನ್ನೊಂದಕ್ಕೆ ಬರೀ ಸಲೈನ್ ಕೊಟ್ಟರು. 2023ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಪಾಲಿನವರು ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿದ್ದರು. ಕೆಟಮಿನ್ ಸುಳ್ಳು ಅಂತ ಇದರ ಅರ್ಥವಲ್ಲ. ನಿರೀಕ್ಷೆಗೂ ಆರೈಕೆಗೂ ದೊಡ್ಡ ಪಾಲಿದೆ ಅಂತ ನಾನು ತಿಳಿದುಕೊಂಡೆ. ಅದೇ ವರ್ಷ 403 ಜನರ ಮೇಲೆ ಕೆಟಮಿನ್ ಮತ್ತು ಇಸಿಟಿ, ಅಂದರೆ ಶಾಕ್ ಚಿಕಿತ್ಸೆ, ಹೋಲಿಸಿದ ಅಧ್ಯಯನ ಬಂತು. ಕೆಟಮಿನ್‌ಗೆ ಸ್ಪಂದಿಸಿದವರು ನೂರಕ್ಕೆ 55, ಇಸಿಟಿಗೆ 41. ಅಂದರೆ ಕೆಟಮಿನ್ ತೆಗೆದುಕೊಂಡವರಲ್ಲೂ ನೂರಕ್ಕೆ 45 ಜನ ನನ್ನ ಹಾಗೇ ಉಳಿದರು. ನನಗೆ ಕೊನೆಗೆ ಕೈ ಹಿಡಿದದ್ದು, ಎಲ್ಲರೂ ಹೆದರುವ ಆ ಇಸಿಟಿಯೇ. ಅಕ್ಕಾ, ‘ಇದೇ ಕೊನೆಯ ದಾರಿ’ ಅನ್ನುವ ಮಾತು ಅವಳ ಕಿವಿಗೆ ಬೀಳದಂತೆ ನೋಡಿಕೊಳ್ಳಿ.

ಕೇಳಿದವಳು, ದಾವಣಗೆರೆ:
ಎಲ್ಲರಿಗೂ ಕೈಮುಗಿದೆ. ಅವಳಿಗೆ ಎಲ್ಲವನ್ನೂ ಓದಿ ಹೇಳಿದೆ. ಸ್ಪ್ರೇ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ, ನಾಳೆ ಡಾಕ್ಟರಿಗೆ ಫೋನ್ ಮಾಡುತ್ತಾಳೆ. ಅಮ್ಮನಿಗೆ ಹೇಳಬೇಕೇ ಅಂತ ಕೇಳಿದಳು.

ತುಮಕೂರಿನವಳು, ಈಗ ಪೋರ್ಟ್‌ಲ್ಯಾಂಡ್:
ಅವಳಿಗೆ ಯಾರು ಬೇಕೋ ಅವರಿಗೆ ಮಾತ್ರ. ನಾನು ನನ್ನಮ್ಮನಿಗೆ ‘ಆಸ್ಪತ್ರೆಯಲ್ಲಿ ಮನಸ್ಸಿಗೆ ಚಿಕಿತ್ಸೆ ನಡೀತಿದೆ, ಡಾಕ್ಟರ್ ಜೊತೆಗಿದ್ದಾರೆ’ ಅಂದೆ. ಅದಕ್ಕಿಂತ ಹೆಚ್ಚು ಅವರು ಕೇಳಲಿಲ್ಲ.

ಬೆಂಗಳೂರಿನಿಂದ:
ಇದು ನಮ್ಮಲ್ಲೂ ಸಿಗುತ್ತದೆಯೇ? ಗೋಕರ್ಣದ ಕಡೆ ರೆಸಾರ್ಟ್‌ನಲ್ಲಿ ಹೀಲಿಂಗ್ ಸರ್ಕಲ್ ಮಾಡುತ್ತೇವೆ ಬನ್ನಿ ಅಂತ ಒಬ್ಬರು ಕರೆಯುತ್ತಿದ್ದಾರೆ.

ಅರಿವಳಿಕೆ ಡಾಕ್ಟರ್, ಹುಬ್ಬಳ್ಳಿ:
ಹೋಗಬ್ಯಾಡ್ರಿ. ನಮ್ಮ ದೇಶದಾಗ ಕೆಟಮಿನ್ ಶೆಡ್ಯೂಲ್ ಎಕ್ಸ್ ಔಷಧ, ಅಂದ್ರ ಕಟ್ಟುನಿಟ್ಟಿನ ಪಟ್ಟಿಯೊಳಗಿಂದು, ಮಾದಕ ವಸ್ತು ತಡೆಯೂ ಎನ್‌ಡಿಪಿಎಸ್ ಕಾಯ್ದೆಯೊಳಗೂ ಬರತೈತಿ. ರೆಸಾರ್ಟ್‌ನಾಗ ಕೊಡೂದು ಅಪರಾಧ, ಅಲ್ಲಿ ನಿಮ್ಮ ಉಸಿರು ನೋಡೂವರೂ ಯಾರೂ ಇರೂದಿಲ್ಲ. ಇಲ್ಲಿ ಖಿನ್ನತೆಗೆ ಇದನ್ನ ಕೊಡೂದಿದ್ರ ಮನೋವೈದ್ಯರು ಹೇಳಿದ ಮ್ಯಾಲ, ಆಸ್ಪತ್ರಿ ಹಾಸಿಗಿ ಮ್ಯಾಲನ ಕೊಡಬೇಕು. ಮೊದಲ ನಿಮ್ಹಾನ್ಸ್‌ನಾಗಾಗಲಿ, ನಿಮ್ಮ ಜಿಲ್ಲಾ ಆಸ್ಪತ್ರಿಯೊಳಗಾಗಲಿ ಮನೋವೈದ್ಯರನ್ನ ಕಾಣ್ರಿ. ರಾತ್ರಿ ಹೊತ್ತು ತಡಕೊಳ್ಳಾಕ ಆಗದಂಗ ಆದ್ರ 14416ಕ್ಕ ಫೋನ್ ಮಾಡ್ರಿ, ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ತಗೊಳ್ಳೂದಿಲ್ಲ, ಕನ್ನಡದಾಗ ಮಾತಾಡ್ತಾರ. ದಾವಣಗೆರಿ ಅಕ್ಕಾರ, ನಿಮ್ಮ ತಂಗಿಗೆ ಅಲ್ಲಿ ಅದೇ ಕೆಲಸಕ್ಕ 988 ಐತಿ, ಆ ನಂಬರ್ ಅವರ ಫೋನಿನಾಗ ಇವತ್ತ ಹಾಕಿಸ್ರಿ.