ಹಿತ್ತಲ ಹೆಗ್ಗಣಕ್ಕೆ ಏರ್ ರೈಫಲ್: ಯಾವುದು ತಗೊಳ್ಳೋದು, ಹೇಗೆ ಬಳಸೋದು?

ಪ್ರಶ್ನೆ: ಕೋಳಿಗೂಡಿನ ಸುತ್ತ ಹೆಗ್ಗಣಗಳ ಕಾಟ ವಿಪರೀತ. ಮನೆಯಲ್ಲಿ ನಾಯಿ ಇರೋದರಿಂದ ಪಾಷಾಣ ಇಡೋ ಹಾಗಿಲ್ಲ. ಬೋನಿಗೆ ಒಂದೆರಡು ಬಿದ್ದವು, ಉಳಿದವು ಅದರ ಹತ್ತಿರವೂ ಸುಳಿಯುತ್ತಿಲ್ಲ. ಏರ್ ರೈಫಲ್ ಬಳಸಲು ನಮ್ಮಲ್ಲಿ ಕಾನೂನಿನ ಅಡ್ಡಿ ಇಲ್ಲ ಅಂತ ವಿಚಾರಿಸಿಕೊಂಡಿದ್ದೇನೆ. ದೂರ 5ರಿಂದ 20 ಮೀಟರ್ ಒಳಗೆ. 4.5 ಮಿ.ಮೀ. ದಪ್ಪದ ಗುಂಡಿನದು ತಗೊಳ್ಳಲೋ, 5.5ರದು ತಗೊಳ್ಳಲೋ? ಸ್ಪ್ರಿಂಗ್ ಬಲದಿಂದ ಹೊಡೆಯೋದು ಸಾಕೋ, ಪಿಸಿಪಿಗೇ (ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯೋ ಗನ್) ಹೋಗಬೇಕೋ? ಬಳಸಿ ಬಲ್ಲವರು ಹೇಳಿ.

* * *

ಗನ್ ಆರಿಸುವ ಮೊದಲು ಗುರಿ ತಪ್ಪಿದ ಪೆಲೆಟ್ (ಏರ್ ಗನ್ನಿನ ಚಿಕ್ಕ ಸೀಸದ ಗುಂಡು) ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ನೋಡಿಕೊಳ್ಳಿ. ಅಡ್ಡ ಏನೂ ಇಲ್ಲದಿದ್ದರೆ ಅದು ನೂರಾರು ಮೀಟರ್ ಹೋಗುತ್ತದೆ. ಕಲ್ಲು, ಕಾಂಕ್ರೀಟ್, ನೀರು, ಗಟ್ಟಿ ಮರ ಇವುಗಳಿಗೆ ಬಡಿದರೆ ಎತ್ತ ಬೇಕಾದರೂ ಚಿಮ್ಮಬಹುದು. ಮೇಲಿನಿಂದ ಕೆಳಕ್ಕೆ, ಮೆತ್ತನೆ ಮಣ್ಣಿಗೆ ಹೊಡೆಯುವ ಹಾಗೆ ಜಾಗ ಆರಿಸಿ. ಅದು ಆಗದಿದ್ದರೆ ಹಿಂದೆ ಮರಳು ಮೂಟೆ ಪೇರಿಸಿ. ಬೇಲಿಯನ್ನಾಗಲಿ ಗಿಡದ ಪೊದೆಯನ್ನಾಗಲಿ ಅಡ್ಡ ಅಂತ ಲೆಕ್ಕಕ್ಕೆ ತಗೋಬೇಡಿ. ಕಣ್ಣಿಗೆ ಸೇಫ್ಟಿ ಗ್ಲಾಸ್ ಇರಲೇಬೇಕು.

ಇನ್ನು ಶಕ್ತಿ. ನಿಮ್ಮ ದೂರಕ್ಕೆ 16 ಜೂಲ್ ಧಾರಾಳ. ಅಷ್ಟು ಶಕ್ತಿಯಲ್ಲಿ 4.5 ಮಿ.ಮೀ.ನ ಅರ್ಧ ಗ್ರಾಂ ಚಿಲ್ಲರೆ ತೂಕದ ಪೆಲೆಟ್ ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಹೊರಡುತ್ತದೆ, 5.5ರ ಒಂದು ಗ್ರಾಂ ಪೆಲೆಟ್ ಸುಮಾರು 180ರಲ್ಲಿ. ಚಿಕ್ಕದರ ಹಾದಿ ನೇರ, ಆದರೆ ಹೆಗ್ಗಣದ ಮೈಯಿಂದ ಪಾರಾಗಿ ಹೋಗುವುದು ಹೆಚ್ಚು. 20 ಮೀಟರ್ ಒಳಗೆ ನೇರ ಹಾದಿಯ ಲಾಭ ಅಷ್ಟೇನಿಲ್ಲ, ಹಾಗಾಗಿ ಹೆಗ್ಗಣಕ್ಕೆ 5.5 ನನ್ನ ಆಯ್ಕೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹಾಕಿರುವ ವೇಗ ನೋಡಿ ಮರುಳಾಗಬೇಡಿ. ಅದು ಬಹುತೇಕ ಹಗುರ ಮಿಶ್ರಲೋಹದ ಪೆಲೆಟ್ ಹಾಕಿ ಅಳೆದದ್ದು. ಶಬ್ದದ ವೇಗದ (ಸೆಕೆಂಡಿಗೆ ಸುಮಾರು 340 ಮೀಟರ್) ಹತ್ತಿರ ಹೋದರೆ ಪೆಲೆಟ್ ಓಲಾಡಿ ಗುರಿ ಕೆಡುತ್ತದೆ.

ಪೆಲೆಟ್ ಗುಂಡುತಲೆಯದೇ ಇರಲಿ. ಮೂರ್ನಾಲ್ಕು ಬಗೆ ತಂದು ಒಂದೊಂದರಲ್ಲಿ ಹತ್ತು ಹೊಡೆದು ನೋಡಿ, ಬ್ಯಾರೆಲ್‌ಗೆ ಯಾವುದು ಒಗ್ಗುತ್ತದೋ ಅದನ್ನೇ ಇಟ್ಟುಕೊಳ್ಳಿ. ಉಕ್ಕಿನ ಬಿಬಿ ಗುಂಡು ಬೇಡವೇ ಬೇಡ, ಬಡಿದ ಕಡೆಯಿಂದ ತಿರುಗಿ ಬರುತ್ತದೆ.

* * *

ಸ್ಪ್ರಿಂಗ್ ಗನ್ ಬಗ್ಗೆ ನಾನು ಸೇರಿಸುತ್ತೇನೆ. ಅದೊಂದೇ ಸಾಕು, ಪಂಪು ಸಿಲಿಂಡರ್ ಯಾವುದರ ಹಂಗೂ ಇಲ್ಲ. ಆದರೆ ಹಿಡಿಯುವ ಕ್ರಮ ಕಲಿಯಬೇಕು. ಪೆಲೆಟ್ ಬ್ಯಾರೆಲ್ ಬಿಡುವ ಮೊದಲೇ, ಸ್ಪ್ರಿಂಗ್ ತಳ್ಳುವ ಪಿಸ್ಟನ್ ಮುಂದಕ್ಕೆ ನುಗ್ಗಿ ಗನ್ ಅಲುಗಿರುತ್ತದೆ. ಬಿಗಿಯಾಗಿ ಅಪ್ಪಿ ಹಿಡಿದರೆ ಪ್ರತಿ ಸಲ ಬೇರೆ ಬೇರೆ ಕಡೆ ಅಲುಗುತ್ತದೆ. ಮುಂದಿನ ಕೈಯ ಅಂಗೈ ಬಿಚ್ಚಿಟ್ಟು ಗನ್ ಅದರ ಮೇಲೆ ಸುಮ್ಮನೆ ಕೂತಿರಲಿ, ಭುಜಕ್ಕೆ ಹಗುರವಾಗಿ ತಾಗಿರಲಿ. ಇಟ್ಟಿಗೆ, ಕಿಟಕಿ ಅಂಚಿನಂಥ ಗಟ್ಟಿ ಜಾಗದ ಮೇಲೆ ನೇರವಾಗಿ ಇಡಬೇಡಿ.

ಸ್ಕೋಪ್ ಕೊಳ್ಳುವಾಗ ಸ್ಪ್ರಿಂಗ್ ಏರ್ ಗನ್ನಿಗೇ ಮಾಡಿದ್ದು ಅಂತ ಖಚಿತ ಮಾಡಿಕೊಳ್ಳಿ. ಈ ಗನ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಬೇರೆ ಸ್ಕೋಪ್‌ಗಳ ಒಳಗಿನ ಗಾಜು ಸಡಿಲವಾಗುತ್ತದೆ. ಪ್ಯಾರಲಾಕ್ಸ್ (ಕಣ್ಣು ಅಲುಗಿದರೂ ಗುರಿ ಸರಿಯದ ಹಾಗೆ ಹೊಂದಿಸುವ ದೂರ) 10 ಮೀಟರ್‌ವರೆಗೆ ಇಳಿಯಬೇಕು.

ಈಗ ಎಲ್ಲರೂ ಎಡವುವ ಜಾಗ. ಸ್ಕೋಪ್ ಬ್ಯಾರೆಲ್‌ಗಿಂತ ಸುಮಾರು 4.5 ಸೆಂ.ಮೀ. ಮೇಲಿರುತ್ತದೆ. ಮೇಲೆ ಹೇಳಿದ 5.5 ಪೆಲೆಟ್ಟನ್ನು 25 ಮೀಟರ್‌ಗೆ ಝೀರೋ ಮಾಡಿದರೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಬೀಳುವ ಹಾಗೆ ಸ್ಕೋಪ್ ಹೊಂದಿಸಿದರೆ, 15–20 ಮೀಟರ್‌ನಲ್ಲಿ ಅದು ಒಂದು ಸೆಂ.ಮೀ.ಯಷ್ಟು ಮೇಲೆ ಬೀಳುತ್ತದೆ, 10ರಲ್ಲಿ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. 5 ಮೀಟರ್‌ಗೆ ಬಂದರೆ ಸುಮಾರು ಎರಡು ಸೆಂ.ಮೀ. ಕೆಳಗೆ. ಹೆಗ್ಗಣದ ಮಿದುಳು ಅಷ್ಟು ದೊಡ್ಡದೂ ಇಲ್ಲ. ಅಂದರೆ ಹತ್ತಿರದ ಹೆಗ್ಗಣಕ್ಕೆ ಕಣ್ಣು–ಕಿವಿಯ ನಡುವೆ ಗುರಿಯಿಟ್ಟರೆ ದವಡೆ ಮುರಿಯುತ್ತದೆ, ಅದು ಬಿಲ ಸೇರಿ ದಿನಗಟ್ಟಲೆ ನರಳಿ ಸಾಯುತ್ತದೆ. ಹೀಗಾಗಕೂಡದು. ಕಾಗದದ ಮೇಲೆ 5, 8, 10, 15, 20 ಮೀಟರ್‌ಗಳಲ್ಲಿ ಐದೈದು ಹೊಡೆದು, ಎಷ್ಟು ಮೇಲೆ ಎಷ್ಟು ಕೆಳಗೆ ಅಂತ ಬರೆದು ಗನ್ನಿನ ಹಿಡಿಗೆ ಅಂಟಿಸಿಬಿಡಿ. ಹತ್ತಕ್ಕೆ ಹತ್ತೂ 2.5 ಸೆಂ.ಮೀ. ವೃತ್ತದೊಳಗೆ ಬೀಳುವ ದೂರವೇ ನಿಮ್ಮ ಮಿತಿ. ಅದರಾಚೆ ಹೆಗ್ಗಣ ಎಷ್ಟೇ ನೆಟ್ಟಗೆ ಕೂತಿದ್ದರೂ ಬಿಟ್ಟುಬಿಡಿ.

* * *

ಒಳ್ಳೆ ಗುರಿ ಇದ್ದ ಗನ್ ದಿಢೀರನೆ ಕೆಟ್ಟರೆ ಸ್ಕೋಪ್ ತಿರುಗಿಸಲು ಹೋಗಬೇಡಿ. ಮೊದಲು ಹಿಡಿಯ ಸ್ಕ್ರೂಗಳು, ಆಮೇಲೆ ಸ್ಕೋಪ್ ಮೌಂಟಿನ ಸ್ಕ್ರೂಗಳು. ನೂರರಲ್ಲಿ ತೊಂಬತ್ತು ಸಲ ಅಲ್ಲೇ ಸಿಕ್ಕಿಬಿಡುತ್ತದೆ ಅನ್ನಬಹುದು. ಅವು ಬಿಗಿಯಿದ್ದರೆ ಬ್ಯಾರೆಲ್ ಮಡಚುವ ಜಾಗದ ಸೀಲ್ ನೋಡಿ. ತೆಳು ಟಿಶ್ಯೂ ಚೂರನ್ನು ಆ ಸಂದಿನ ಮೇಲಿಟ್ಟು ಪೆಲೆಟ್ ತುಂಬಿ ಹೊಡೆಯಿರಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ, ಸೀಲ್ ಬದಲಿಸಬೇಕು.

ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯಬೇಡಿ, ಎದುರು ಒತ್ತಡವಿಲ್ಲದೆ ಪಿಸ್ಟನ್ ಹೋಗಿ ಗುದ್ದುತ್ತದೆ. ಸೀಲಿಗೆ ಮಾಮೂಲಿ ಎಣ್ಣೆ ಬಿಟ್ಟರೆ ಒಳಗೆ ಹೊತ್ತಿಕೊಂಡು ಹೊಗೆ, ಢಂ ಎಂಬ ಸದ್ದು, ವೇಗದಲ್ಲಿ ಏರುಪೇರು. ಹೊಸ ಗನ್ನಿನಲ್ಲಿ ಮೊದಲ ಕೆಲವು ಹೊಡೆತ ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ. ಬ್ಯಾರೆಲ್ ಮಡಚಿ ಪೆಲೆಟ್ ತುಂಬುವಾಗ ಇನ್ನೊಂದು ಕೈ ಬ್ಯಾರೆಲ್ಲನ್ನು ಬಿಡಬಾರದು. ಒಳಗೆ ಪಿಸ್ಟನ್ ಹಿಡಿದಿಟ್ಟಿರುವ ಕೊಕ್ಕೆ ಜಾರಿದರೆ ಬೆರಳು ಹೋಗುತ್ತದೆ.

* * *

ಪ್ರಶ್ನೆ ಕೇಳಿದವರು: ತುಂಬ ಉಪಕಾರ. ಹಾಗಾದರೆ ಪಿಸಿಪಿ ಬೇಡವೇ? ಮತ್ತೆ ಅವು ಒಂದು ಕ್ಷಣವೂ ನಿಲ್ಲೋದಿಲ್ಲವಲ್ಲ, ಗುರಿ ಹೇಗೆ ಹಿಡಿಯೋದು?

* * *

ಪಿಸಿಪಿ ಒದೆಯುವುದಿಲ್ಲ, ಸದ್ದು ಕಡಿಮೆ ಮಾಡಿಕೊಳ್ಳಬಹುದು, ಎರಡನೇ ಪೆಲೆಟ್ ತಕ್ಷಣ ಸಿದ್ಧ. ಆದರೆ 200–250 ಬಾರ್ ಒತ್ತಡಕ್ಕೆ ಪಂಪು ಬೇಕು, ಒಣ ಗಾಳಿಯೇ ಬೇಕು. ಆಮ್ಲಜನಕ ಯಾವ ಕಾರಣಕ್ಕೂ ತುಂಬಬೇಡಿ, ಒಳಗಿನ ಗ್ರೀಸು ತಾಗಿ ಸಿಡಿಯುತ್ತದೆ. ಒಂದು ಹಿತ್ತಲಿಗೆ ಸ್ಪ್ರಿಂಗೇ ಸಾಕು.

ನಿಲ್ಲಿಸುವ ಉಪಾಯ ಸುಲಭ. ಹಲಗೆಯಲ್ಲಿ ಬೆರಳಗಲದ ಗುಳಿ ಕೊರೆದು ಪೀನಟ್ ಬಟರ್ ಒತ್ತಿ ತುಂಬಿ. ಕಾಳು ಹಾಕಿದರೆ ಕಚ್ಚಿಕೊಂಡು ಓಡುತ್ತವೆ, ಇದನ್ನು ಅಲ್ಲೇ ನಿಂತು ನೆಕ್ಕಬೇಕು. ಹಲಗೆಯನ್ನು ಗೋಡೆ ಬುಡದ ಹಾದಿಯಲ್ಲಿ, ಮರಳು ಮೂಟೆಯ ಮುಂದೆ, ನೀವು ಕೂರುವ ಜಾಗದಿಂದ ಅಳೆದ ದೂರದಲ್ಲಿಡಿ. ಹೊಸ ವಸ್ತು ಕಂಡರೆ ಹೆಗ್ಗಣ ಅನುಮಾನಿಸುತ್ತದೆ, ನಾಲ್ಕೈದು ರಾತ್ರಿ ಹೊಡೆಯದೆ ತಿನ್ನಲು ಬಿಡಿ. ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ. ಪಕ್ಕಕ್ಕೆ ತಿರುಗಿ ನೆಕ್ಕುತ್ತಿರುವಾಗ ತಲೆಗೇ ಹೊಡೆಯಿರಿ.

* * *

ಒಂದು ಮಾತು ಬಿಟ್ಟುಹೋಗಿದೆ. ಹೆಣ್ಣು ಹೆಗ್ಗಣಕ್ಕೆ ಮೂರು ವಾರ ಚಿಲ್ಲರೆಗೆ ಒಂದು ಸೂಲು, ಮರಿಗಳು ಎಂಟು ಹತ್ತು. ಗನ್ನಿನಿಂದ ಮಾತ್ರ ಇದನ್ನು ಗೆಲ್ಲಲಾಗದು. ಕೋಳಿ ಕಾಳು ರಾತ್ರಿ ಹೊರಗೆ ಉಳಿಯದಿರಲಿ, ತಗಡಿನ ಡಬ್ಬಿಗೆ ಹೋಗಲಿ. ಗೂಡಿಗೆ 6 ಮಿ.ಮೀ. ಕಣ್ಣಿನ ಬೆಸುಗೆ ಜಾಲರಿ ಹಾಕಿ, ಬುಡದಲ್ಲಿ ಅದನ್ನು ಹೊರಕ್ಕೆ ಮಡಚಿ 30 ಸೆಂ.ಮೀ. ಮಣ್ಣಿನಡಿ ಹೂಳಿ. ಕೋಳಿ ತಡೆಯುವ ಷಟ್ಕೋನದ ತೆಳು ಜಾಲರಿಯನ್ನು ಅವು ಕಡಿದು ಹಾಕುತ್ತವೆ.

ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಇಲಿಜ್ವರ ಮೂತ್ರದಿಂದಲೇ ಹರಡುತ್ತದೆ. ಗ್ಲೌಸ್ ಹಾಕಿ, ಎರಡು ಪದರ ಚೀಲದಲ್ಲಿ ಕಟ್ಟಿ ಆಳವಾಗಿ ಹೂಳಿ. ಪೆಲೆಟ್ ಸೀಸದ್ದು, ಹಾಗೇ ಬಿಟ್ಟರೆ ನಿಮ್ಮ ನಾಯಿಯೋ ಹದ್ದೋ ತಿಂದು ಅದರ ಮೈಗೆ ಸೇರುತ್ತದೆ. ಪೆಲೆಟ್ ಮುಟ್ಟಿದ ಕೈಯನ್ನೂ ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆಯಿರಿ.